ಗುರುಲಿಂಗಪ್ಪನವರ ಕೊಬ್ಬರಿ ಅತ್ತರು

“ಕಲ್ಲಿಗೆ ಕನ್ನಡಿಯಂಥಾ ಹೊಳಪು ಕೊಟ್ಟಾಂವ ನಾನು! ಒಂದು ಕೊಬ್ರಿಯೊಳಗಿನ ವಾಸನಿ ಹೊರಗ ತೆಗೀಲಿಕ್ಕೆ ಬರಂಗಿಲ್ಲೇನು?”

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿ ಗುರುಲಿಂಗಪ್ಪನವರು ಹೀಗೆ ಗರ್ಜಿಸಿದ್ದು ತಮ್ಮ ಮನೆಯ ಕಟ್ಟೆಯ ಮೇಲೆ, ಅತ್ತರು ಮಾರುವ ಗನಿಸಾಬನ ಎದುರಿಗೆ. ಹೈದರಾಬಾದಿನಿಂದ ಸರಕು ತಂದಿದ್ದ ಗನಿಸಾಬ ಗುಲಾಬಿ, ಕೇದಗೆ, ಹಿನಾ, ಖಸ್ ಎಲ್ಲವನ್ನೂ ಹತ್ತಿಯ ಎಳೆಗೆ ಅದ್ದಿ ಒಳಗೆ ಕಳಿಸಿದ್ದ. ಗುರುಲಿಂಗಪ್ಪನವರ ಹೆಂಡತಿ ಮಹಾದೇವಮ್ಮ ಬಾಗಿಲ ಹಿಂದೆ ನಿಂತು ಒಂದೊಂದನ್ನೇ ಮೂಸಿ, ಒಂದೊಂದನ್ನೇ ತಿರುಗಿ ಕಳಿಸಿದ್ದರು.

“ಇವೆಲ್ಲ ತಲಿನೋವು ತರ್ತಾವ. ಹಂಚಿನ ಮ್ಯಾಲ ಕೊಬ್ರಿ ಹುರಿವಾಗ ಬರ್ತದಲ್ಲ, ಆ ವಾಸನಿ ಇದ್ರ ಕೊಡ್ರಿ.”

ಗನಿಸಾಬ ಹೊಟ್ಟೆ ಹಿಡಿದು ನಕ್ಕ. “ಅಮ್ಮಾ, ಕೊಬ್ರಿ ಅತ್ತರ್ ಯಾರರ ಮಾಡ್ಯಾರೇನ್ರಿ? ನವಾಬರ ಅರಮನಿಯೊಳಗ ಸೈತ ಇಲ್ಲ!”

ಅಷ್ಟೇ ಸಾಕಾಯಿತು. ಮದುವೆಯಾದಾಗಿನಿಂದ ಮಹಾದೇವಮ್ಮ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಅದೂ ನಗೆಪಾಟಲಾಗುವುದೆ?

ಮಾರನೆಯ ದಿನವೇ ಹಿತ್ತಲಲ್ಲಿ ಒಲೆ ಹೂಡಿದರು. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ ಏರಿತು. ಅದರೊಳಗೆ ಹುರಿದ ಕೊಬ್ಬರಿ, ನೀರು; ಹಬೆ ಸೋರದಂತೆ ಬಾಯಿಗೆ ಮೆತ್ತಿದ ಹಿಟ್ಟು; ಹಬೆ ಇಳಿಯಲು ಬಿದಿರಿನ ಕೊಳವೆ. ಹನಿಹನಿಯಾಗಿ ಸೀಸೆ ತುಂಬಿತು. ಮೂಸಿದರೆ ಬರೀ ನೀರು!

“ವಾಸನಿ ಎಲ್ಲಿ ಹೋಯ್ತು?”

“ಗಲ್ಲಿ ತುಂಬ ಹೋಗ್ಯಾದ. ಸೀಸೆಯೊಳಗ ಮಾತ್ರ ಬಂದಿಲ್ಲ,” ಎಂದರು ಮಹಾದೇವಮ್ಮ.

ಗುರುಲಿಂಗಪ್ಪನವರು ಸೋಲುವ ಆಸಾಮಿಯಲ್ಲ. ಅತ್ತರಿಗೆಲ್ಲ ಗಂಧದೆಣ್ಣೆಯೇ ಬುನಾದಿ ಎಂದು ಎಲ್ಲೋ ಕೇಳಿದ್ದರು. ಮತ್ತಷ್ಟು ಕೊಬ್ಬರಿ ಹುರಿದು, ರುಬ್ಬಿ, ಆ ಎಣ್ಣೆಗೆ ಕಲಸಿ, ಗಡಿಗೆಗೆ ತುಂಬಿ ಬಿಸಿಲಿಗಿಟ್ಟರು. ಬಿಸಿಲೋ, ಕಲ್ಲು ಕಾದು ಸಿಡಿಯುವಂಥದ್ದು. ಕೆಲವೇ ದಿನಗಳಲ್ಲಿ ಎಂಥ ಕಮಟು ಎದ್ದಿತೆಂದರೆ, ಹಿತ್ತಲಿನ ಎಮ್ಮೆ ಹಗ್ಗ ಹರಿದುಕೊಂಡು ಪಕ್ಕದೂರು ಭಂಕೂರದ ಹಾದಿ ಹಿಡಿಯಿತು!

“ಈಗ ಹದಕ್ಕ ಬಂದದ. ಮೂಸು!” ಎಂದು ಗಡಿಗೆಯನ್ನು ಮುಖಕ್ಕೆ ಹಿಡಿದದ್ದೇ ತಡ, ಮಹಾದೇವಮ್ಮ ಬಾಯಿಗೆ ಸೆರಗೊತ್ತಿಕೊಂಡು ಓಡಿ ಗೋಡೆಯ ಮಗ್ಗುಲಲ್ಲಿ ವಾಂತಿ ಮಾಡಿಕೊಂಡರು.

ಗೋಡೆಯಾಚೆ ಹಪ್ಪಳ ಒಣಹಾಕುತ್ತಿದ್ದ ಪಕ್ಕದ ಮನೆಯ ಮಾಳಮ್ಮ ಅದನ್ನು ನೋಡಿದಳು. ಆಕೆಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹುರಿದು ಉಳಿದ ಕೊಬ್ಬರಿಯನ್ನು ಚೆಲ್ಲಲು ಮನಸ್ಸಾಗದೆ ಮಹಾದೇವಮ್ಮ ಬೆಲ್ಲ, ಅಂಟು, ಉತ್ತತ್ತಿ ಸೇರಿಸಿ ಉಂಡಿ ಕಟ್ಟಿಟ್ಟಿದ್ದರು. ಅಂಟಿನುಂಡಿ! ಬಸುರಿ ಬಾಣಂತಿ ಇಲ್ಲದ ಮನೆಯಲ್ಲಿ ಅದನ್ನು ಯಾರು ಡಬ್ಬಿ ತುಂಬ ಕಟ್ಟುತ್ತಾರೆ? ಮೊದಲು ಉಂಡಿ, ಈಗ ವಾಂತಿ. ಮಾಳಮ್ಮನಿಗೆ ಎಲ್ಲವೂ ತಿಳಿದುಹೋಯಿತು. ಆಕೆಗೆ ತಿಳಿದದ್ದು ಸಂಜೆಯೊಳಗೆ ಊರಿಗೂ ತಿಳಿಯಿತು.

ಕಲ್ಲಿನ ಅಡ್ಡೆಯಲ್ಲಿ ಆಳು ಸಾಯಬಣ್ಣ ನಾಚುತ್ತಲೇ ಕೇಳಿದ. “ಸಾವ್ಕಾರ್ರ, ಸುದ್ದಿ ಖರೇನ್ರಿ?”

ಅತ್ತರಿನ ಕೀರ್ತಿ ಹಬ್ಬಿತೆಂದು ಗುರುಲಿಂಗಪ್ಪನವರು ಮೀಸೆ ತಿರುವಿದರು. “ಖರೇನೇ! ಈ ವಯಸ್ಸಿನಾಗೂ ನನಗ ತಾಕತ್ತು ಅದಪಾ. ಹೊರಗ ಬರಲಿ, ಊರಿಗೂರೇ ಬಂದು ಮೂಸಿ ನೋಡ್ತದ!”

ಸುದ್ದಿ ರೈಲು ಗಾಡಿ ಹತ್ತಿ ವಾಡಿ ಮುಟ್ಟಿತು. ಅವರ ಒಬ್ಬಳೇ ಮಗಳು ರತ್ನಾಬಾಯಿಯನ್ನು ಕೊಟ್ಟದ್ದು ವಾಡಿಗೆ. ಮದುವೆಯಲ್ಲಿ ಎಲ್ಲರಿಗೂ ಪನ್ನೀರು ಚಿಮುಕಿಸಿ ತನ್ನೊಬ್ಬಳನ್ನೇ ಬಿಟ್ಟರೆಂದು ಬೀಗತಿ ಚಂದಮ್ಮ ಮುನಿದವರು ಸೊಸೆಯನ್ನು ತವರಿಗೆ ಕಳಿಸಿಯೇ ಇರಲಿಲ್ಲ. ಗಾಡಿ ಸೀಟಿ ಹೊಡೆದಾಗಲೆಲ್ಲ ಮಹಾದೇವಮ್ಮನ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ಒಂದು ಸೋಮವಾರ ಬಾಗಿಲಲ್ಲಿ ಟಾಂಗಾ ನಿಂತಿತು. ಇಳಿದವರು ಚಂದಮ್ಮ ಮತ್ತು ರತ್ನಾಬಾಯಿ! ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು. ಬಸುರಿಗೆ ಮಾಡುವ ಕುಬಸದ ಪೂರ್ತಿ ಸಿದ್ಧತೆ!

“ಬಸುರಿ ಹೆಣ್ಮಗಳ ಮ್ಯಾಲ ಸಿಟ್ಟು ಇಟ್ಕೋಬಾರದು ಅಂತ ನಾನೇ ಬಂದೆ,” ಎಂದರು ಚಂದಮ್ಮ. “ಈಗ ಎಷ್ಟನೇ ತಿಂಗಳು, ಅಕ್ಕಾ?”

ಮಹಾದೇವಮ್ಮ ಕಂಬದಂತೆ ನಿಂತರು. “ಯಾರಿಗಿ?”

“ನಿನಗವ್ವಾ!” ರತ್ನಾಬಾಯಿ ತಾಯಿಯನ್ನು ಅಪ್ಪಿಕೊಂಡಳು. “ವಾಡಿ ತುಂಬ ಇದೇ ಮಾತು. ನಾಚಿಕಿ ಬಂದು ನಾ ನೀರಿಗೂ ಹೋಗಿಲ್ಲ. ಆದ್ರೂ ಭಾಳ ಖುಷಿ ಆಗ್ಯಾದ!”

ಗಡಿಗೆಯ ಅತ್ತರನ್ನು ಸೀಸೆಗೆ ಸೋಸಿ ಹಿಡಿದು ನಿಂತಿದ್ದ ಗುರುಲಿಂಗಪ್ಪನವರಿಗೆ ಸಾಯಬಣ್ಣನ ಪ್ರಶ್ನೆ ಈಗ ಅರ್ಥವಾಯಿತು. ಮೈಯೆಲ್ಲ ಬೆವರು! ನಿಜ ಹೇಳಿದರೆ ಚಂದಮ್ಮ ಅಪಮಾನವಾಯಿತೆಂದು ಅದೇ ಟಾಂಗಾದಲ್ಲಿ ರತ್ನಾಳನ್ನು ಒಯ್ಯಬಹುದು. ಹೇಳದಿದ್ದರೆ, ತಿಂಗಳು ತುಂಬಿದಾಗ ತೊಟ್ಟಿಲಲ್ಲಿ ಏನು ಮಲಗಿಸುವುದು?

ಮಹಾದೇವಮ್ಮ ಮಗಳ ಕೈ ಬಿಟ್ಟಿರಲಿಲ್ಲ. ಅದನ್ನು ನೋಡಿ ಗುರುಲಿಂಗಪ್ಪನವರು ಮುಂದೆ ಬಂದರು.

“ತಪ್ಪು ನಂದರೀ, ಬೀಗತೇರ,” ಎಂದು ಹಂಡೆ, ಗಡಿಗೆ, ವಾಂತಿ ಎಲ್ಲವನ್ನೂ ಒಪ್ಪಿಸಿಬಿಟ್ಟರು. “ಇಕಿ ಕೇಳಿದ್ದು ಒಂದು ವಾಸನಿ. ಅದೂ ಕೊಡಲಿಕ್ಕಾಗಲಿಲ್ಲ ನನಗ. ಏನು ಬೈತೀರಿ ನನಗ ಬೈರಿ, ಮಗಳಿಗಿ ಮಾತ್ರ ಕರಕೊಂಡು ಹೋಗಬ್ಯಾಡ್ರಿ.”

ಚಂದಮ್ಮ ಸೀಸೆ ಕಸಿದುಕೊಂಡು ಮೂಸಿದರು. ಮುಖ ಕಿವುಚಿತು, ಭುಜ ಕುಲುಕಿತು. ಸಿಟ್ಟು ಬಂತೆಂದು ಗುರುಲಿಂಗಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರೆ, ಆಕೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು!

“ತಂದ ಉಡಿ ತಿರುಗಿ ಒಯ್ಯಬಾರದು. ರತ್ನಾ, ಕುಂದ್ರಲಿಕ್ಕ ಮಣಿ ಹಾಕು!”

“ಅಯ್ಯ, ನಾ ಕುಂದ್ರಾಂಗಿಲ್ಲ!” ಎಂದರು ಮಹಾದೇವಮ್ಮ.

“ನಿಮಗ್ಯಾರು ಕುಂದ್ರು ಅಂದ್ರು, ಅಕ್ಕಾ? ಇಷ್ಟು ದಿನ ಕೊಬ್ರಿ ಬಯಕಿ ಹತ್ತಿದ್ದು ಯಾರಿಗಿ? ಬರ್ರಿ ಬೀಗರ, ಕುಂದ್ರಿ!”

ಅಷ್ಟರಲ್ಲಿ ಮಾಳಮ್ಮನ ಹಿಂದೆ ಗಲ್ಲಿಯ ಹೆಂಗಸರೆಲ್ಲ ಆರತಿ ಹಿಡಿದು ಬಂದಾಗಿತ್ತು. ತಪ್ಪಿಸಿಕೊಳ್ಳಲು ದಾರಿ ಎಲ್ಲಿ? ಗುರುಲಿಂಗಪ್ಪನವರು ಮಣೆಯ ಮೇಲೆ ಕುಳಿತರು. ಧೋತರದ ಉಡಿಗೆ ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು. ಕಾಪಾಡು ಎಂಬಂತೆ ಹೆಂಡತಿಯ ಕಡೆ ನೋಡಿದರು. ಮಗಳ ಹೆಗಲಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ ಮಹಾದೇವಮ್ಮ ಹತ್ತಿರ ಬಂದು, ಅವರ ಹಣೆಗೆ ಕುಂಕುಮವಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಇನ್ನು ಭಾರದ ಕೆಲಸ ಮಾಡಬ್ಯಾಡ್ರಿ. ಒಲಿ ಮುಂದಂತೂ ಕುಂದ್ರಲೇಬ್ಯಾಡ್ರಿ!”