ಮಂಗಳವಾರ, ಶುಕ್ರವಾರ ಮಲಗುವ ಬ್ಯಾಟರಿ

ಇದು ನಡೆದದ್ದು ಹೋದ ವರ್ಷದ ಬೇಸಿಗೆಯಲ್ಲಿ, ಯುಗಾದಿ ಕಳೆದಂದಿನಿಂದ ಮುಂಗಾರು ಹಿಡಿಯುವವರೆಗೆ. ನಮ್ಮ ಮನೆಯಲ್ಲಿ ಕೆಟ್ಟ ಯಾವ ವಸ್ತುವೂ ಒಂದೇ ಸಲಕ್ಕೆ ರಿಪೇರಿಯಾದದ್ದಿಲ್ಲ. ನಡುವೆ ಇಡೀ ಓಣಿ ಒಮ್ಮೆ ಬಂದು ಹೋಗಬೇಕು. ಆ ಸಲ ಕೆಟ್ಟದ್ದು ಕಾರಿನ ಬ್ಯಾಟರಿ.

ನಾನು ಲಕ್ಷ್ಮೇಶ್ವರದಲ್ಲಿ ದೊಡ್ಡಪ್ಪ, ದೊಡ್ಡವ್ವನ ಮನೆಯಲ್ಲಿದ್ದೇನೆ. ಬಿ.ಎಸ್ಸಿ. ಮುಗಿಸಿ ಇಲ್ಲಿಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ದೊಡ್ಡಪ್ಪನದು ಹಿಟ್ಟಿನ ಗಿರಣಿ. ದೊಡ್ಡವ್ವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಗದಗಿನ ಆಸ್ಪತ್ರೆಯಲ್ಲಿ ಆಕೆಗೆ ಡಯಾಲಿಸಿಸ್. ಕಾರು ಓಡಿಸುವವಳು ನಾನು. ತಡವಾದರೆ ಮಷಿನ್ ಬೇರೆಯವರ ಪಾಲಾಗುತ್ತದೆ. ಹಾಗಾಗಿ ವಾರದಲ್ಲಿ ಆ ಎರಡು ದಿನ ಕಾರು ಚಾಲೂ ಆಗಲೇಬೇಕು. ಸರಿಯಾಗಿ ಆ ಎರಡು ದಿನವೇ ಅದು ಚಾಲೂ ಆಗುತ್ತಿರಲಿಲ್ಲ.

ಸಪ್ಪನ ಊಟ

ಡಾಕ್ಟರು ದೊಡ್ಡವ್ವನಿಗೆ ಹೇಳಿದ್ದು ಇಷ್ಟು: ನೀರು ಅಳತೆ ಮಾಡಿ ಕುಡಿಯಬೇಕು, ಉಪ್ಪು ಕಡಿಮೆ ಮಾಡಬೇಕು, ಉಪ್ಪಿನಕಾಯಿ, ಹಪ್ಪಳ ಮುಟ್ಟಲೇಬಾರದು. ದೊಡ್ಡಪ್ಪ ಇದನ್ನು ಇನ್ನಷ್ಟು ಬಿಗಿ ಮಾಡಿದ. ಕಣ್ಣಿಗೆ ಬಿದ್ದರೆ ಆಸೆಯಾಗುತ್ತದೆ ಎಂದು ಉಪ್ಪಿನ ಡಬ್ಬಿಯನ್ನೇ ಗಿರಣಿಗೆ ಒಯ್ದಿಟ್ಟ. ಅಂದಿನಿಂದ ಮನೆಯಲ್ಲಿ ಮೂವರಿಗೂ ಸಪ್ಪನ ಊಟ.

ಯುಗಾದಿ ಆದ ಮೇಲೆ ದೊಡ್ಡವ್ವನ ತಂಗಿ ಮತ್ತು ಆಕೆಯ ಗಂಡ ಕೊರ್ಲಹಳ್ಳಿಯಿಂದ ಮಾತಾಡಿಸಲು ಬಂದರು. ತಂಗಿಯ ಕೈಯಲ್ಲಿ ಹೊಸ ಮಾವಿನಕಾಯಿ ಉಪ್ಪಿನಕಾಯಿಯ ಸಣ್ಣ ಭರಣಿ ಇತ್ತು. ದೊಡ್ಡಪ್ಪ ಹೊಸ್ತಿಲಲ್ಲೇ ಕೈಮುಗಿದು, ಅದು ಒಳಗೆ ಬರುವುದು ಬೇಡ ಎಂದ. ಭರಣಿ ಕಾರಿನ ಡಿಕ್ಕಿಗೆ ಹೋಯಿತು.

ಬಂದವರಿಗೆ ರೊಟ್ಟಿ, ಬದನೆಕಾಯಿ ಪಲ್ಯ, ಬೇಳೆ ಸಾರು ಬಡಿಸಿದೆವು. ಯಾವುದರಲ್ಲೂ ಉಪ್ಪಿರಲಿಲ್ಲ. ಅವರಿಗೆ ಮೊದಲೇ ಹೇಳಬೇಕು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ನಾಲಿಗೆ ಅಷ್ಟು ರೂಢಿಯಾಗಿತ್ತು. ಪಲ್ಯ ಹೇಗಾಗಿದೆ ಎಂದು ದೊಡ್ಡಪ್ಪ ಮತ್ತೆ ಮತ್ತೆ ಕೇಳಿದ. ಅವರು ಮತ್ತೆ ಮತ್ತೆ ತಲೆಯಾಡಿಸಿದರು.

ಸಂಜೆ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ನಾನು ಕಾರು ತೆಗೆದೆ. ದೊಡ್ಡವ್ವನೂ ಜೊತೆಗೆ ಬಂದಳು. ಬಸ್ ಬಂತು. ಅಕ್ಕತಂಗಿ ಡಿಕ್ಕಿಯ ಹತ್ತಿರ ನಿಂತು ಚೀಲಗಳನ್ನು ಇಳಿಸಿಕೊಂಡರು. ತಂಗಿಯ ಗಂಡ ನನ್ನ ಬಳಿ ಬಂದು ದನಿ ತಗ್ಗಿಸಿ ಹೇಳಿದರು:

“ಊಟ ಚೊಲೊ ಇತ್ತವಾ. ಲಕ್ಷ್ಮೇಶ್ವರದಾಗ ಉಪ್ಪು ಸಿಗವಲ್ದಂದ್ರ ಒಂದು ಫೋನ್ ಮಾಡು, ಮುಂದಿನ ಸಲ ನಾವ ತರ್ತೀವಿ.”

ತಳ್ಳುವವರು

ಅದಾದ ಮರುವಾರದಿಂದ ಬ್ಯಾಟರಿ ಮಲಗತೊಡಗಿತು. ಬೆಳಿಗ್ಗೆ ಚಾವಿ ತಿರುಗಿಸಿದರೆ ಟಕ್ ಎನ್ನುವ ಸದ್ದು, ಅಷ್ಟೇ. ಕಾರಿನ ಎರಡು ಚಾವಿಗಳಲ್ಲಿ ಒಂದು ಕೂಡ ಅದೇ ದಿನಗಳಲ್ಲಿ ಕಾಣೆಯಾಯಿತು. ಕಾಲ ಸರಿ ಇಲ್ಲ ಎಂದ ದೊಡ್ಡಪ್ಪ.

ನಮ್ಮ ಮನೆಯ ಎದುರಿಗೆ ಚಹಾದ ಅಂಗಡಿ. ಬೆಳಿಗ್ಗೆ ಅಲ್ಲಿ ಓಣಿಯ ನಾಲ್ಕೈದು ಮಂದಿ ಕೂತಿರುತ್ತಾರೆ. ಅವರು ಎದ್ದು ಬಂದು ಡಿಕ್ಕಿಯ ಮೇಲೆ ಕೈಯೂರಿ ಕಾರನ್ನು ತಳ್ಳುತ್ತಿದ್ದರು. ಇಳಿಜಾರಿನ ಕೊನೆಗೆ ಹೋಗುವಷ್ಟರಲ್ಲಿ ಎಂಜಿನ್ ಹಿಡಿಯುತ್ತಿತ್ತು. ದೊಡ್ಡವ್ವ ಒಳಗೇ ಕೂತಿರುತ್ತಿದ್ದಳು. “ನನ್ನ ತೂಕ ಬ್ಯಾರೆ ಹೆಚ್ಚಾಗೇತ್ರಪಾ” ಎಂದು ಕಿಟಕಿಯಿಂದ ಅವರ ಹತ್ತಿರ ಕ್ಷಮೆ ಕೇಳುತ್ತಿದ್ದಳು. ತಳ್ಳಿದವರಿಗೆಲ್ಲ ದೊಡ್ಡಪ್ಪನ ಲೆಕ್ಕದಲ್ಲಿ ಚಹಾ.

ಕೆಲವೇ ವಾರಗಳಲ್ಲಿ ಇದೊಂದು ಪದ್ಧತಿಯಾಯಿತು. ನಾವು ಕರೆಯುವ ಮೊದಲೇ ಅವರು ಕಾರಿನ ಹಿಂದೆ ಬಂದು ನಿಂತಿರುತ್ತಿದ್ದರು.

ಒಂದು ಭಾನುವಾರ ಅಡರಕಟ್ಟಿಯಲ್ಲಿ ಮದುವೆ ಇತ್ತು. ನಾನು ಚಾವಿ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಹಿಂದೆ ನಿಂತಿದ್ದ ಐವರೂ ಕೈ ಕೆಳಗಿಳಿಸಿದರು. ಅವರಲ್ಲಿ ಹಿರಿಯರು ಕಿಟಕಿಯ ಬಳಿ ಬಂದರು. ಅವರ ಮುಖದಲ್ಲಿ ನಿಜವಾದ ನೋವಿತ್ತು.

“ಚಾಲೂ ಆಗೂದಿತ್ತಂದ್ರ ಮೊದಲ ಒಂದು ಮಾತು ಹೇಳಬೇಕ್ರಿ. ಸುಮ್ಮನ ಎದ್ದು ಬಂದ್ವಿ.”

ದೊಡ್ಡಪ್ಪ ತಪ್ಪಾಯಿತು ಎಂದ. ನನಗೆ ಎಂಜಿನ್ ಆರಿಸಲು ಹೇಳಿದ. ಅವರು ಕಾರನ್ನು ಇಳಿಜಾರಿನ ಕೊನೆಯವರೆಗೆ ತಳ್ಳಿದರು. ಆಮೇಲೆ ಚಹಾ ಕುಡಿದರು.

ಶಿರಹಟ್ಟಿ, ಮುಂಡರಗಿ

ಶಿರಹಟ್ಟಿಯ ಎಲೆಕ್ಟ್ರಿಷಿಯನ್ ಡೈನಮೊ ನೋಡಿ, ವೈರಿಂಗ್ ನೋಡಿ, ಎಲ್ಲ ಸರಿ ಇದೆ, ಬ್ಯಾಟರಿಯೇ ಹೋಗಿದೆ ಎಂದರು. ಮುಂಡರಗಿಯ ಬ್ಯಾಟರಿ ಅಂಗಡಿಯವರು ಬ್ಯಾಟರಿ ಪರೀಕ್ಷಿಸಿ, ಇದು ಕಲ್ಲಿನಂತಿದೆ, ವೈರಿಂಗ್ ಹೋಗಿದೆ ಎಂದರು. ಎರಡೂ ಕಡೆ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಅಷ್ಟು ದೂರ ಓಡಿದ್ದರಿಂದ ಬ್ಯಾಟರಿ ತುಂಬಿರುತ್ತಿತ್ತು.

ಕೊನೆಗೆ ಹೊಸ ಬ್ಯಾಟರಿಯನ್ನೇ ಹಾಕಿಸಿದೆವು. ದೊಡ್ಡಪ್ಪ ಬಾನೆಟ್ ಎತ್ತಿ ಅದಕ್ಕೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಅದರ ಮುಂದೆಯೇ ಕಾಯಿ ಒಡೆದ. ಕಾಯಿಯ ನೀರು ಎರಡೂ ಟರ್ಮಿನಲ್‌ಗಳ ನಡುವೆ ಹರಿಯಿತು. ನಾನು ಬಟ್ಟೆ ತಂದೆ. ಒರೆಸಬೇಡ, ಮಾಡಿದ ಪೂಜೆ ಹೋಗುತ್ತದೆ ಎಂದು ಅವನು ತಡೆದ. ಆ ನೀರಿನಲ್ಲಿ ಲವಣಗಳಿವೆ, ಅದರ ಮೂಲಕ ಸ್ವಲ್ಪ ಕರೆಂಟ್ ಹರಿದುಹೋಗುತ್ತದೆ ಎಂದು ವಿವರಿಸಿದೆ.

ದೊಡ್ಡಪ್ಪ ಬ್ಯಾಟರಿಗೆ ಬಾಗಿ ಕೇಳಿದ.

“ಉಪ್ಪು ಐತೇನು ಅದರಾಗ?”

“ಸ್ವಲ್ಪ ಐತಿ ದೊಡ್ಡಪ್ಪಾ.”

“ಹಂಗಾದ್ರ ಒರಸು. ಈ ಮನ್ಯಾಗ ಯಾರಿಗೂ ಉಪ್ಪು ಬ್ಯಾಡ.”

ಮುಂದಿನ ಶುಕ್ರವಾರ ಹೊಸ ಬ್ಯಾಟರಿಯೂ ಮಲಗಿತು.

ತೂಕ

ಆಸ್ಪತ್ರೆಯಲ್ಲಿ ಮಷಿನ್ ಹಚ್ಚುವ ಮೊದಲು ತೂಕ ಮಾಡುತ್ತಾರೆ. ಹೋದ ಸಲಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟು ನೀರು ಮೈಯಲ್ಲಿ ನಿಂತಿದೆ ಎಂದು ಅರ್ಥ. ದೊಡ್ಡವ್ವನಿಗೆ ಎರಡು ಕಿಲೋ ದಾಟಬಾರದು ಎಂದಿದ್ದರು. ಯುಗಾದಿಯ ನಂತರ ಅದು ಮೂರು ದಾಟಿತು, ಮೂರೂವರೆ ಆಯಿತು. ನೀರನ್ನು ನಾನೇ ಅಳೆದು ಕೊಡುತ್ತಿದ್ದೆ. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ. ಹೊರಗೆ, ಕೈಕಾಲು ತೊಳೆಯುವ ನೆಪದಲ್ಲಿ ಆಕೆ ಎಷ್ಟು ಕುಡಿಯುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ದೊಡ್ಡಪ್ಪನನ್ನೂ ನನ್ನನ್ನೂ ಒಳಗೆ ಕರೆದು, ಮನೆಯಲ್ಲಿ ಉಪ್ಪು ಹೇಗೆ ಬಳಸುತ್ತೀರಿ ಎಂದು ಕೇಳಿದರು.

“ಮನ್ಯಾಗ ಉಪ್ಪು ಇಲ್ರಿ ಸರ್,” ಎಂದ ದೊಡ್ಡಪ್ಪ, “ಗಿರಣ್ಯಾಗ ಐತಿ.”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು.

ಅದೇ ತಿಂಗಳು ಒಂದು ಶುಕ್ರವಾರ ಎಷ್ಟು ತಳ್ಳಿದರೂ ಎಂಜಿನ್ ಹಿಡಿಯಲಿಲ್ಲ. ಬೇರೆ ಗಾಡಿ ಹುಡುಕಿ ಗದಗ ಮುಟ್ಟುವಷ್ಟರಲ್ಲಿ ಮಷಿನ್ ಇನ್ನೊಬ್ಬರಿಗೆ ಹೋಗಿತ್ತು. ಮರುದಿನ ಬನ್ನಿ ಎಂದರು. ಸಂಜೆಗೆ ದೊಡ್ಡವ್ವನಿಗೆ ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ಇದ್ದಳು. ಊರಿನ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು. ಮರುದಿನ ಗದಗಿನಲ್ಲಿ ಮಷಿನ್ ಸಿಕ್ಕ ಮೇಲೆ ಆಕೆ ಸುಧಾರಿಸಿದಳು. ಇನ್ನೊಂದು ಸಲ ಹೀಗಾದರೆ ಹೃದಯ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು.

ಮನೆಯ ಮುಂದೆ ಇಳಿದ ಮೇಲೆ ದೊಡ್ಡಪ್ಪ ನನಗೆ ಹೇಳಿದ:

“ನೀ ಕಲತಾಕಿ ಅದಿ. ಹುಡುಕವಾ.”

ಡಿಕ್ಕಿ

ನಾನು ಕಾಲೇಜಿನಿಂದ ಮಲ್ಟಿಮೀಟರ್ ಕೇಳಿ ತಂದೆ. ನಿಂತ ಕಾರು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ನೋಡುವುದು ಸುಲಭ. ಬುಧವಾರ ನೋಡಿದೆ. ಬಹಳ ಕಡಿಮೆ ಇತ್ತು, ಅದು ಸಹಜ. ಗುರುವಾರ ಸಂಜೆ, ಬಿಸಿಲು ಇನ್ನೂ ಇರುವಾಗ, ಮತ್ತೆ ನೋಡಿದೆ. ಎರಡು ಆಂಪಿಯರ್ ಹತ್ತಿರ ಇತ್ತು. ಅಷ್ಟು ಹರಿದರೆ ಬೆಳಗಾಗುವುದರೊಳಗೆ ಯಾವ ಬ್ಯಾಟರಿಯೂ ಮಲಗುತ್ತದೆ.

ಒಂದೊಂದೇ ಫ್ಯೂಸ್ ಕಿತ್ತು ನೋಡಿದೆ. ಒಳಗಿನ ದೀಪಗಳ ಫ್ಯೂಸ್ ಕಿತ್ತಾಗ ಅಂಕಿ ಇಳಿಯಿತು. ಮತ್ತೆ ಹಾಕಿದಾಗ ಏರಿತು. ಕಾರಿನೊಳಗೆ ಯಾವ ದೀಪವೂ ಹತ್ತಿರಲಿಲ್ಲ. ಉಳಿದದ್ದು ಡಿಕ್ಕಿಯ ದೀಪ. ಹಿಟ್ಟಿನ ಚೀಲ ಚೆನ್ನಾಗಿ ಕಾಣಲಿ ಎಂದು ಅದಕ್ಕೆ ಬ್ರೇಕ್ ಲೈಟಿನ ದೊಡ್ಡ ಬಲ್ಬು ಹಾಕಿಸಿದ್ದವನು ದೊಡ್ಡಪ್ಪನೇ.

ಆದರೆ ಡಿಕ್ಕಿ ಮುಚ್ಚಿತ್ತು. ಮುಚ್ಚಿದ ಡಿಕ್ಕಿಯೊಳಗೆ ದೀಪ ಹತ್ತಿದೆಯೋ ಇಲ್ಲವೋ ಎಂದು ಹೇಗೆ ನೋಡುವುದು? ಫೋನಿನಲ್ಲಿ ವಿಡಿಯೊ ಹಚ್ಚಿ ಒಳಗಿಡೋಣ ಎಂದೆ. ಫೋನು ನೋಡಿದ್ದನ್ನು ತಾನೇಕೆ ನಂಬಬೇಕು, ತಾನೇ ನೋಡುತ್ತೇನೆ ಎಂದ ದೊಡ್ಡಪ್ಪ. ಚಾವಿಯಿಂದ ಡಿಕ್ಕಿ ತೆಗೆದ, ರೂಢಿಯಂತೆ ಚಾವಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ, ಒಳಗೆ ಹತ್ತಿ ಮಗ್ಗುಲಾಗಿ ಮಲಗಿದ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಬೇಡ ಎಂದು ಆಕೆ ಎರಡು ಸಲ ಹೇಳಿದಳು.

ನಾನು ಮೊದಲು ಮೆಲ್ಲಗೆ ಮುಚ್ಚಿದೆ. ಒಂದು ಕ್ಲಿಕ್ ಆಯಿತು. ಹೊರಗಿನಿಂದ ಪೂರ್ತಿ ಮುಚ್ಚಿದಂತೆಯೇ ಕಾಣುತ್ತಿತ್ತು.

“ಹತ್ತೇತಿ,” ಎಂದಿತು ಒಳಗಿನ ದನಿ. ಸ್ವಲ್ಪ ಹೊತ್ತಿನ ಮೇಲೆ, “ಚೀಲದ ಹಿಂದ ಇಲ್ಲೊಂದು ಭರಣಿ ಐತಿ.”

ಪರೀಕ್ಷೆಯನ್ನು ಅರ್ಧಕ್ಕೆ ಬಿಡಬಾರದೆಂದು ನಾನು ಡಿಕ್ಕಿಯನ್ನು ಜೋರಾಗಿ ಒತ್ತಿದೆ. ಎರಡನೆಯ ಕ್ಲಿಕ್ ಆಯಿತು.

“ಆರಿತು. ತೆಗಿ.”

ಕಾರಣ ಸಿಕ್ಕಿತ್ತು. ಯಾರೋ ಸದ್ದಾಗದಂತೆ ಡಿಕ್ಕಿಯನ್ನು ಅರ್ಧ ಮುಚ್ಚುತ್ತಿದ್ದರು, ದೀಪ ಹತ್ತಿಯೇ ಇರುತ್ತಿತ್ತು. ಬೆಳಿಗ್ಗೆ ತಳ್ಳುವವರು ಅದರ ಮೇಲೆ ಕೈಯೂರಿ ಒತ್ತಿ ಪೂರ್ತಿ ಮುಚ್ಚಿಬಿಡುತ್ತಿದ್ದರು. ನಮಗೆ ಗುರುತೇ ಸಿಗುತ್ತಿರಲಿಲ್ಲ.

ಇದನ್ನೆಲ್ಲ ಯೋಚಿಸಿ ಮುಗಿಸಿದ ಮೇಲೆ ಚಾವಿಗೆ ಕೈ ಚಾಚಿದೆ. ಚಾವಿ ಒಳಗೆ ಕಿಸೆಯಲ್ಲಿತ್ತು. ಸೀಟಿನ ಪಕ್ಕದಿಂದ ಡಿಕ್ಕಿ ತೆಗೆಯುವ ತಂತಿ ಕಡಿದು ವರ್ಷಗಳಾಗಿದ್ದವು. ಸೀಟು ಬಿಚ್ಚೋಣವೆಂದರೆ ಬೋಲ್ಟ್ ಬಿಚ್ಚುವ ಪಾನಾಗಳೂ ಡಿಕ್ಕಿಯೊಳಗೇ ಇದ್ದವು.

ಅಷ್ಟರಲ್ಲಿ ಚಹಾದ ಅಂಗಡಿಯಿಂದ ತಳ್ಳುವವರು ಎದ್ದು ಬಂದರು. ಹಿರಿಯರು ಡಿಕ್ಕಿಗೆ ಬಾಗಿ ಗೌರವದಿಂದ ಕೇಳಿದರು:

“ಯಜಮಾನ್ರ, ಚಾ ಏನರ ಬೇಕೇನ್ರಿ?”

ಒಳಗಿನಿಂದ ದೊಡ್ಡಪ್ಪ ದೊಡ್ಡವ್ವನ ಹೆಸರು ಹಿಡಿದು ಕರೆದ. ಆಕೆ ಕಟ್ಟೆಯಿಂದ ಇಳಿದು, ಮೆಲ್ಲಗೆ ನಡೆದು ಬಂದು, ಡಿಕ್ಕಿಯ ಮುಂದೆ ತಲೆ ತಗ್ಗಿಸಿ ನಿಂತಳು.

“ಈ ಭರಣಿ ಕೊರ್ಲಹಳ್ಳಿಗೆ ಹೋಗಲಿಲ್ಲೇನು?”

“ಇಲ್ರಿ.”

“ಡಾಕ್ಟರ್ ಹೇಳಿದ್ದು ಕೇಳಿದ್ದಿಲ್ಲೇನು ನೀ?”

“ಕೇಳೇನ್ರಿ. ಅದಕ ದಿನಾ ತಿನ್ನೂದಿಲ್ಲ. ಸೋಮವಾರ, ಗುರುವಾರ ಅಷ್ಟ. ಮರುದಿನ ಹೆಂಗೂ ಮಷಿನ್ ತೆಗೀತೈತಲ್ರಿ.”

ತಗಡು ಬಿಸಿಲಿಗೆ ಕಾದಿತ್ತು. ಒಳಗೆ ದೊಡ್ಡಪ್ಪ ಮಗ್ಗುಲು ಬದಲಿಸಲು ನೋಡಿದ್ದು ಕೇಳಿಸಿತು.

“ಅವತ್ತ ಉಸಿರಾಡಾಕ ಆಗದ ಕುಂತಿದ್ದಿ. ನಾ ನೋಡಿದೆ,” ಎಂದ. ಅವನ ದನಿ ಸಣ್ಣದಾಗಿತ್ತು.

ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಅದನ್ನು ಹಿಡಿದುಕೊಂಡೇ ಹೇಳಿದಳು:

“ಬೈಯೂದಿಲ್ಲಂದ್ರ ತೆಗೀತೀನ್ರಿ.”

“ಮೊದಲ ತೆಗಿ.”

“ಅನ್ರಿ ಮೊದಲ.”

ತಳ್ಳುವವರು ನೆಲ ನೋಡಿದರು.

“ಬೈಯೂದಿಲ್ಲ,” ಎಂದಿತು ಡಿಕ್ಕಿ.

ದೊಡ್ಡವ್ವ ಗಂಟು ಬಿಚ್ಚಿದಳು. ಕಳೆದುಹೋದ ಚಾವಿ ಅದರಲ್ಲಿತ್ತು.

ಡಿಕ್ಕಿ ತೆರೆಯಿತು. ದೊಡ್ಡಪ್ಪ ಬೆವರಿನಲ್ಲಿ ತೊಯ್ದು, ಭರಣಿಯನ್ನು ಎದೆಗೆ ಅವುಚಿಕೊಂಡು ಎದ್ದು ಕೂತ. ಮುಖ ಗಂಭೀರವಾಗಿತ್ತು. ಮೀಸೆಯ ತುದಿಗೆ ಕೆಂಪು ಎಣ್ಣೆ ಹತ್ತಿತ್ತು. ತಿಂಗಳುಗಟ್ಟಲೆ ಅವನೂ ಸಪ್ಪನ ಊಟವನ್ನೇ ಉಂಡಿದ್ದ.

ದೊಡ್ಡವ್ವ ಮೀಸೆಯನ್ನು ನೋಡಿದಳು.

“ಹೆಂಗೈತ್ರಿ?” ಎಂದು ಕೇಳಿದಳು.

ದೊಡ್ಡಪ್ಪ ಮೀಸೆ ಒರೆಸಿಕೊಂಡ.

“ಉಪ್ಪು ಒಂದೀಟು ಜಾಸ್ತಿ ಆಗೇತಿ.”

ಮರುದಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನೀರನ್ನು ಮಷಿನ್ ತೆಗೆಯುತ್ತದೆ ನಿಜ, ಅಲ್ಲಿಯವರೆಗೆ ಅದನ್ನು ಹೊರುವುದು ಹೃದಯ ಎಂದು ಅವರು ದೊಡ್ಡವ್ವನಿಗೆ ತಿಳಿಸಿದರು. ದೊಡ್ಡಪ್ಪನಿಗೆ, ಕಡಿಮೆ ಎಂದರೆ ಕಡಿಮೆ, ಪೂರ್ತಿ ಬಿಡಿಸಿದರೆ ಹೀಗೇ ಆಗುತ್ತದೆ ಎಂದರು. ಉಪ್ಪಿನ ಡಬ್ಬಿ ಒಂದು ಸಣ್ಣ ಚಮಚದ ಜೊತೆ ಗಿರಣಿಯಿಂದ ಮನೆಗೆ ಬಂತು. ಭರಣಿ ತಳ್ಳುವವರ ಪಾಲಾಯಿತು. ಡಿಕ್ಕಿಗೆ ನಾನು ಸಣ್ಣ ಬಲ್ಬು ಹಾಕಿದೆ.

ಮಂಗಳವಾರ ಬೆಳಿಗ್ಗೆ ಮೀಟರ್ ಹನ್ನೆರಡು ಪಾಯಿಂಟ್ ಆರು ವೋಲ್ಟ್ ತೋರಿಸಿತು. ಕಾರು ಒಂದೇ ಚಾವಿಗೆ ಚಾಲೂ ಆಯಿತು. ಗದಗಿನಲ್ಲಿ ದೊಡ್ಡವ್ವ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಂತಳು. ದೊಡ್ಡಪ್ಪ ಪಕ್ಕಕ್ಕೆ ಬಂದು ಬಾಗಿ ಅಂಕಿ ನೋಡಿದ.

ಹೆಚ್ಚಾಗಿದ್ದು ಒಂದು ಕಿಲೋ ಆರುನೂರು ಗ್ರಾಂ.