ಮೀಟರಿಗೆ ಒಂದು ಚೊಂಬು ನೀರು

ಒಂದು ಕಡೆ ಕೂರೋದು ನನ್ನ ಜಾತಕದಲ್ಲೇ ಇಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಈಗ ಬೈಕಿಗೆ ಸ್ಪ್ಯಾನರ್ ಚೀಲ ಕಟ್ಟಿಕೊಂಡು ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಸುತ್ತುತ್ತೀನಿ. ಪೈಪಿನೊಳಗೆ ಎಷ್ಟು ಸ್ಟೀಮ್ ಹರೀತು, ಎಷ್ಟು ಆಸಿಡ್ ಹರೀತು ಅಂತ ಅಳೆಯೋ ಮೀಟರ್ ಕೂರಿಸೋದು ನನ್ನ ಕೆಲಸ. ಅವೆರಡೂ ಮೀಟರಿಗೆ ನೇರವಾಗಿ ತಾಕಬಾರದು, ಅಷ್ಟೇ ವಿದ್ಯೆ. ಅಷ್ಟನ್ನು ಕಾಯೋದರಲ್ಲೇ ತಿಂಗಳಿಗೊಂದು ತಮಾಷೆ ಆಗುತ್ತೆ.

೧. ಹೊಸದು ಹೊಸದಾಗೇ ಇರಲಿ

ಮಾಲೂರಿನ ಒಂದು ಕಾರ್ಖಾನೆ. ಪಂಪ್ ಓಡ್ತಿದೆ, ಆಸಿಡ್ ಹೋಗ್ತಿದೆ, ಮೀಟರ್ ಮಾತ್ರ ಸೊನ್ನೆ. ಬಿಚ್ಚಿ ನೋಡಿದರೆ, ಆಸಿಡ್ ತಡೆಯೋ ತೆಳು ಹಾಳೆಯ ಮೇಲೆ ಕಂಪನಿಯ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ.

“ಇದನ್ಯಾಕೋ ತೆಗೆದಿಲ್ಲ?”

ಅಲ್ಲಿನ ಫಿಟ್ಟರ್, “ಹೊಸದಲ್ವಾ ಅಣ್ಣಾ, ಗೀರು ಬೀಳತ್ತೆ ಅಂತ ಬಿಟ್ಟೆ” ಅಂದ.

ಬೈಯೋಕೆ ಬಾಯಿ ತೆಗೆದೆ. ಅವನು ಸುಮ್ಮನೆ ಗೇಟಿನ ಹತ್ತಿರ ನಿಂತಿದ್ದ ನನ್ನ ಬೈಕ್ ನೋಡಿದ. ತಗೊಂಡು ಮೂರು ವರ್ಷ; ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಮೀಟರಿನ ಮುಚ್ಚಳವನ್ನಷ್ಟೇ ತೆಗೆದೆ.

೨. ಮಡಿ ಮೀಟರ್

ಶ್ರೀನಿವಾಸಪುರದ ಕಡೆ ಮಾವಿನಹಣ್ಣಿನ ರಸ ತೆಗೆಯೋ ಫ್ಯಾಕ್ಟರಿ. ಅಲ್ಲಿ ಮೀಟರಿನ ತಲೆ ಮೇಲೆ ಎರಡು ಉಕ್ಕಿನ ಕುಡಿಕೆ, ಅವುಗಳ ತುಂಬ ನೀರು. ಸ್ಟೀಮ್ ಬಂದು ನೀರನ್ನು ಒತ್ತುತ್ತೆ, ನೀರು ಮೀಟರನ್ನು ಒತ್ತುತ್ತೆ. ಒತ್ತಡ ತಿಳಿಯುತ್ತೆ, ಬಿಸಿ ತಟ್ಟಲ್ಲ.

ಹಂಗಾಮಿನ ಮೊದಲ ದಿನ ಪೂಜೆ. ಬಾಯ್ಲರ್ ನೋಡಿಕೊಳ್ಳೋ ವಯಸ್ಸಾದ ಯಜಮಾನರು ಎಲ್ಲ ತೊಳೆದು, ಕುಂಕುಮ ಇಟ್ಟು, ಕುಡಿಕೆಯ ನೀರನ್ನೂ ಚೆಲ್ಲಿ ಒರೆಸಿಟ್ಟರು. ಆಮೇಲೆ ಸ್ಟೀಮ್ ಬಿಟ್ಟರು. ಮೀಟರ್ ಮಂಗಳಾರತಿಗೇ ಸುಟ್ಟುಹೋಯಿತು.

“ನೀರು ಯಾಕೆ ಚೆಲ್ಲಿದ್ರಿ ಯಜಮಾನ್ರೇ?”

“ಪೂಜೆ ದಿನ ಹೋದ್ವರ್ಷದ ನೀರು ಇಟ್ಕೊಂಡಿರ್ತಾರೇನಯ್ಯಾ? ನಿಮ್ಮನೇಲಿ ಇಟ್ಕೋತೀರಾ?”

ಉತ್ತರ ಕೊಟ್ಟವರು ನಾನಲ್ಲ, ಪಕ್ಕದಲ್ಲೇ ನಿಂತಿದ್ದ ಫ್ಯಾಕ್ಟರಿ ಮಾಲೀಕರು: “ಇನ್ನೊಂದು ಮೀಟರ್ ಸುಡ್ಲಿ, ಈ ಹಂಗಾಮು ನೀವು ಮನೇಲೇ ಇರಿ.”

ಪಾಪ, ಯಜಮಾನರ ಹಣೆಯ ಕುಂಕುಮವೂ ಬೆಳ್ಳಗಾಯಿತು.

೩. ಪಾಠ

ಮಾರನೇ ದಿನ ಹೊಸ ಮೀಟರ್ ಕೂರಿಸಿದೆ. ಮಾಲೀಕರು, “ನನ್ನೆದುರಿಗೇ ಅವರಿಗೆ ಸರಿಯಾಗಿ ಹೇಳಿಕೊಡಿ” ಅಂತ ಬಂದು ನಿಂತರು. ಏಳನೇ ಕ್ಲಾಸಿನವನಿಗೆ ಮೇಷ್ಟ್ರ ಪದವಿ! ಬಿಡ್ತೀನಾ? ಯಜಮಾನರ ಕೈಗೆ ನೀರಿನ ಚೊಂಬು ಕೊಟ್ಟು ಶುರು ಮಾಡಿದೆ. ಸ್ಟೀಮ್ ಅಂದ್ರೇನು, ಮೀಟರಿನ ಹೊಟ್ಟೆ ಎಷ್ಟು ನಾಜೂಕು, ನೀರಿಲ್ಲದೆ ವಾಲ್ವ್ ಮುಟ್ಟಿದವನು ಎಂಥ ಪೆದ್ದ... ಮಾಲೀಕರು ತಲೆದೂಗಿದರು. ಅವರು ತಲೆದೂಗಿದಷ್ಟೂ ನನ್ನ ದನಿ ಏರಿತು. ಅದೇ ಜೋರಿನಲ್ಲಿ, “ನೋಡಿ, ಈಗ ಹೀಗೆ ಬಿಡಬೇಕು” ಅಂತ ವಾಲ್ವಿಗೆ ಕೈ ಹಾಕಿದೆ.

“ಆಗಯ್ಯಾ! ನೀಳ್ಳು!”

ನಿಲ್ಲಯ್ಯಾ, ನೀರು ಅಂತ; ಗಾಬರಿಯಾದರೆ ಯಜಮಾನರಿಗೆ ತೆಲುಗೇ ಬರೋದು. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಚೊಂಬು, ಅದರಲ್ಲಿ ತುಂಬಿದ ನೀರು ತುಂಬಿದ ಹಾಗೇ. ಕುಡಿಕೆ ಎರಡೂ ಒಣಗಿವೆ. ಅರ್ಧ ಸುತ್ತು ತಿರುಗಿಸಿದ್ದರೆ ಮೀಟರೂ ಹೋಗ್ತಿತ್ತು, ಅವರ ಹಂಗಾಮೂ ಹೋಗ್ತಿತ್ತು.

ಯಜಮಾನರು ಕುಡಿಕೆಗಳಿಗೆ ನಿಧಾನವಾಗಿ ನೀರು ಹುಯ್ದರು, ಮುಚ್ಚಳ ಬಿಗಿದರು, ತಾವೇ ವಾಲ್ವ್ ತಿರುಗಿಸಿದರು. ಮುಳ್ಳು ಸಲೀಸಾಗಿ ಮೇಲೆದ್ದಿತು.

ಮಾಲೀಕರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, “ಹೇಗ್ರೀ, ಪಾಠ ಆಯ್ತಾ?” ಅಂದರು.

ಯಜಮಾನರು ಖಾಲಿ ಚೊಂಬು ನನ್ನ ಕೈಗಿತ್ತು ಹೇಳಿದರು: “ಪರವಾಗಿಲ್ಲ ಸಾರ್, ಹುಡುಗ ಚುರುಕಿದ್ದಾನೆ. ಇನ್ನೊಂದೆರಡು ಸಲ ತೋರಿಸಿಕೊಟ್ರೆ ಕಲ್ತ್ಕೋತಾನೆ.”