ಸಿರಿಲ್‌ನ ಬೆಸುಗೆ

ಶನಿವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಎತ್ತಿದ ಕೂಡಲೇ ನಾರಿಸ್ ಟಾಫ್ಟ್‌ನ ಮೂಗಿಗೆ ಪೆಟ್ರೋಲ್ ವಾಸನೆ ಬಡಿಯಿತು. ಮಂಡಿಯೂರಿ ಕಾರಿನ ಹಿಂಭಾಗಕ್ಕೆ ಇಣುಕಿದ. ನೆಲದ ಮೇಲೆ ಅಂಗೈಯಗಲ ಒದ್ದೆ. ಟ್ಯಾಂಕಿನ ತಳದಿಂದ ಒಂದು ತೊಟ್ಟು ಇಳಿಯಿತು. ಕೊಂಚ ಹೊತ್ತು ಬಿಟ್ಟು ಇನ್ನೊಂದು ಇಳಿಯಿತು.

"ಇವತ್ತೇ ಬೇಕಿತ್ತಾ ನಿಂಗೆ?" ಎಂದು ನಾರಿಸ್ ಕಾರನ್ನೇ ಕೇಳಿದ.

ಅದು ಕಿಟ್ ಕಾರು. ಅಂದರೆ, ಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡು ಮನೆಯಲ್ಲೇ ಕಟ್ಟಿಕೊಳ್ಳುವ ಕಾರು. ಎರಡು ಸೀಟು, ಬಾಗಿಲಿಲ್ಲ, ಸೂರಿಲ್ಲ. ಇಂಗ್ಲೆಂಡಿನ ನಮ್ಮ ಡರ್ಬಿಶೈರಿನ ಮಳೆಗೆ ಇಂಥದ್ದನ್ನು ಕಟ್ಟುವವರಿಗೆ ತಲೆ ಸರಿಯಿಲ್ಲ ಅಂತ ಯಾರಾದರೂ ಹೇಳಿದರೆ ನಾನಂತೂ ವಾದಕ್ಕಿಳಿಯುವುದಿಲ್ಲ. ನಾರಿಸ್ ಅದನ್ನು ಗೆಳೆಯ ಸಿರಿಲ್‌ನ ಜೊತೆ ಕಟ್ಟಿದ್ದ. ನಾರಿಸ್‌ನ ಹೆಂಡತಿ ಈನಿಡ್ ತೀರಿಕೊಂಡ ಚಳಿಗಾಲದಲ್ಲಿ ಶುರು ಮಾಡಿ, ವರ್ಷಗಟ್ಟಲೆ ತಿರುಪು ಬಿಗಿದೂ ಬಿಚ್ಚಿಯೂ ಅಂತೂ ರಸ್ತೆಗಿಳಿಸಿದ್ದರು. ಬಾಯ್ಲರ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದ ಸಿರಿಲ್, ಪೆಟ್ಟಿಗೆಯಲ್ಲಿ ಬಂದ ಟ್ಯಾಂಕನ್ನು ನೋಡಿ, "ಇದೇನು, ಬಿಸ್ಕತ್ ಡಬ್ಬಾನಾ?" ಎಂದು ಮೂಲೆಗೆಸೆದು ತಾನೇ ಒಂದು ಟ್ಯಾಂಕು ಮಾಡಿದ್ದ.

ಆ ಸಿರಿಲ್ ಈಗ ಬೆಟ್ಟದ ಕೆಳಗಿನ ಆರೈಕೆ ಮನೆಯಲ್ಲಿದ್ದ. ಆ ಮನೆಗೆ ಹೋದವರು ವಾಸಿಯಾಗಿ ಬರುವುದಿಲ್ಲ. ಅವನು ಕೇಳಿದ್ದು ಒಂದೇ: ಆ ಕಾರಿನಲ್ಲಿ ಇನ್ನೊಂದು ಸುತ್ತು. ನರ್ಸಮ್ಮ ದೊಡ್ಡ ಮನಸ್ಸು ಮಾಡಿ ಇವತ್ತು ಮಧ್ಯಾಹ್ನ ಒಂದು ತಾಸು ಬಿಟ್ಟುಕೊಟ್ಟಿದ್ದಳು. ಮುಂದಿನ ವಾರ ಅನ್ನುವ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ.

ಸೋರುತ್ತಿದ್ದದ್ದು ಸರಿಯಾಗಿ ಸಿರಿಲ್ ಹಾಕಿದ ಬೆಸುಗೆಯಲ್ಲೇ. ಕಾಯಿಲೆ ಅವನಿಂದ ಏನೇನೋ ಕಿತ್ತುಕೊಂಡಿತ್ತು. ಉಳಿದಿದ್ದ ಹೆಮ್ಮೆ ಆ ಬೆಸುಗೆಯೊಂದೇ. ಸೋರುತ್ತಿದೆ ಅಂತ ಅವನಿಗೆ ಗೊತ್ತಾಗಲೇಬಾರದು ಎಂದು ನಾರಿಸ್ ಆ ಕ್ಷಣವೇ ನಿಶ್ಚಯಿಸಿ, ಪಾತ್ರೆ ತೊಳೆಯುವ ಬೋಗುಣಿ ತಂದು ಕೆಳಗಿಟ್ಟ.

ಅಷ್ಟರಲ್ಲಿ ಬೇಲಿಯ ಮೇಲಿಂದ ಒಂದು ತಲೆ ಎದ್ದಿತು. ಪಕ್ಕದ ಮನೆಯ ಡೋರೀನ್. ವಯಸ್ಸು ಎಂಬತ್ತರ ಹತ್ತಿರ, ಮೂಗು ಮಾತ್ರ ಇನ್ನೂ ಇಪ್ಪತ್ತರದು.

"ಪೆಟ್ರೋಲ್ ವಾಸ್ನೆ ಬರ್ತಿದೆಯಲ್ಲಪ್ಪಾ ನಾರಿಸ್! ನಾನಿಲ್ಲಿ ಬೆಡ್‌ಶೀಟ್ ಒಣಹಾಕಿದೀನಿ."

"ಏನಿಲ್ಲಮ್ಮಾ, ಟ್ಯಾಂಕು ಒಂಚೂರು..."

"ಸೋರ್ತಿದೆಯಾ? ಸೋಪು ಉಜ್ಜು. ನಮ್ಮಪ್ಪ ಲಾರಿಗೆ ಸೋಪು ಉಜ್ಜಿಕೊಂಡೇ ಸ್ಕಾಟ್‌ಲೆಂಡಿಗೆ ಹೋಗಿಬರ್ತಿದ್ರು." ಬೇಡ ಅನ್ನುವುದರೊಳಗೆ ಒಳಗೆ ಹೋಗಿ ಲ್ಯಾವೆಂಡರ್ ಸೋಪು ಹಿಡಿದು ಬಂದೇಬಿಟ್ಟಳು.

ಮಾಡಬಂದ ಉಪಕಾರವನ್ನು ಬೇಡವೆನ್ನುವುದು ನಮ್ಮ ಕಡೆ ಬೈಗುಳಕ್ಕೆ ಸಮ. ನಾರಿಸ್ ತೆಪ್ಪಗೆ ಸೋಪು ಉಜ್ಜಿದ. ಉಜ್ಜಿದ ರಭಸಕ್ಕೆ ಬೆಸುಗೆಯ ಮೇಲಿದ್ದ ಬಣ್ಣದ ಚಕ್ಕೆ ಎದ್ದುಬಂತು. ತೊಟ್ಟಿಕ್ಕುತ್ತಿದ್ದದ್ದು ದಾರವಾಗಿ ಸುರಿಯತೊಡಗಿತು, ಲ್ಯಾವೆಂಡರ್ ಪರಿಮಳ ಸಮೇತ.

"ನಮ್ಮಪ್ಪನ ಕಾಲದ ಸೋಪೇ ಬೇರೆ ಬಿಡು" ಎಂದಳು ಡೋರೀನ್.

ಎದುರುಮನೆಯ ಗ್ರಹಾಮ್ ಕೈಯಲ್ಲಿ ಫೋನು ಹಿಡಿದು ರಸ್ತೆ ದಾಟಿ ಬಂದ. ವಿಮೆ ಕಂಪನಿಯಲ್ಲಿದ್ದು ನಿವೃತ್ತನಾದವನು. ಬೆಂಕಿ ಬೀಳುವುದಕ್ಕೆ ಮುಂಚೆಯೇ ಹೊಗೆ ಕಾಣುವ ಆಸಾಮಿ.

"ರೀ ನಾರಿಸ್, ಏನು ಮಾಡ್ತಿದೀರಾ? ಬೀದಿಗೆ ಬೀದಿಯೇ ಹಾರಿಹೋಗುತ್ತೆ! ಮೊದಲು ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕ್ ಬಿಚ್ಚಿ, ನೀರು ತುಂಬಿಸಿ ತೊಳೀಬೇಕಂತೆ. ಇಲ್ಲಿ ಬರೆದಿದಾರೆ ನೋಡಿ."

ಬೇಸರವೆಂದರೆ ಅವನು ಹೇಳಿದ್ದು ಸರಿಯಾಗಿತ್ತು. ನಾರಿಸ್ ಪೆಟ್ರೋಲನ್ನು ಕ್ಯಾನಿಗಿಳಿಸಿ, ಕಾರಿನಡಿ ಅಂಗಾತ ಮಲಗಿ, ಒಂದೊಂದೇ ಬೋಲ್ಟು ಬಿಚ್ಚಿದ. ಟ್ಯಾಂಕನ್ನು ತೊಳೆದು, ಡೋರೀನಳ ಬೆಡ್‌ಶೀಟುಗಳ ನಡುವೆ ಬಿಸಿಲಿಗಿಟ್ಟ. ಬೇಗ ಒಣಗಲಿ ಅಂತ ಅವಳು ತಲೆಗೂದಲು ಒಣಗಿಸುವ ಯಂತ್ರ ಹಿಡಿದು ಬಂದಾಗ ಗ್ರಹಾಮ್ ಹಾಕಿದ ಕೂಗಿಗೆ ಮೂರನೇ ಮನೆಯ ನಾಯಿ ಸೋಫಾದಡಿ ಸೇರಿತು.

ಒಣಗಿದ ಮೇಲೆ ಲೋಹಕ್ಕೆ ಅಂಟುವ ಎರಡು ಬಗೆಯ ಪುಟ್ಟಿ ಕಲಸಿ ಬಿರುಕಿಗೆ ಮೆತ್ತಿದ್ದಾಯಿತು. ಅದು ಗಟ್ಟಿಯಾಗುವ ತನಕ ಕಾಯಬೇಕು. ಕಾಯುವುದೆಂದರೆ ಚಹಾ. ಡೋರೀನ್ ಚಹಾ ಮಾಡಿದಳು, ಗ್ರಹಾಮ್ ಪುಟ್ಟಿಯ ಬಗ್ಗೆ ಓದಿ ಹೇಳಿದ. ನಾರಿಸ್ ಗಡಿಯಾರ ನೋಡುತ್ತ ಕೂತ.

"ಆರೈಕೆ ಮನೆಗೊಂದು ಫೋನ್ ಮಾಡಿ, ತಡ ಆಗುತ್ತೆ ಅಂತ" ಎಂದ ಗ್ರಹಾಮ್.

"ಯಾಕೆ ತಡ ಅಂತ ಸಿರಿಲ್ ಕೇಳ್ತಾನೆ. ನನಗೆ ಸುಳ್ಳು ಹೇಳೋಕೆ ಬರಲ್ಲ. ನಿಜ ಹೇಳಿದ್ರೆ ಕಾಯಿಲೆಗಿಂತ ಮುಂಚೆ ಅದೇ ಅವನನ್ನ ಮುಗಿಸುತ್ತೆ."

ಡೋರೀನ್ ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಭಯ ಪಡಬೇಕೆಂದು ನಾರಿಸ್‌ಗೆ ಗೊತ್ತಿರಬೇಕಿತ್ತು.

ಟ್ಯಾಂಕನ್ನು ಮತ್ತೆ ಕೂರಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಹೊರಗೆ ಬಂದು ನೋಡಿದರೆ ಪೆಟ್ರೋಲ್ ಕ್ಯಾನಿಲ್ಲ! ಗ್ರಹಾಮ್ ಅದನ್ನು ಸುರಕ್ಷತೆಯ ದೃಷ್ಟಿಯಿಂದ ತನ್ನ ಹಿತ್ತಲ ಕೋಣೆಯಲ್ಲಿಟ್ಟು ಬೀಗ ಜಡಿದಿದ್ದ. ಬೀಗದ ಕೈ ಸಮೇತ ಅವನೂ ನಾಪತ್ತೆ. ಡೋರೀನಳ ಕಾರೂ ಇಲ್ಲ. ಯಾರನ್ನು ಬೈಯಲಿ? ನಾರಿಸ್ ಹುಲ್ಲು ಕತ್ತರಿಸುವ ಯಂತ್ರಕ್ಕಿಟ್ಟಿದ್ದ ಚೂರು ಪೆಟ್ರೋಲನ್ನು ಸುರಿದುಕೊಂಡು ಹೊರಟ. ಪುಟ್ಟಿ ತಡೆದುಕೊಂಡಿತ್ತು, ಒಂದು ಹನಿ ಇಳಿಯಲಿಲ್ಲ. ಹತ್ತಿರದ ದಾರಿಯೆಂದು ಬೆಟ್ಟದ ಮೇಲಿನ ಓಣಿ ಹಿಡಿದ.

ಆರೈಕೆ ಮನೆಯ ಬಾಗಿಲಲ್ಲಿ ನರ್ಸು ಕಣ್ಣರಳಿಸಿದಳು.

"ಅಯ್ಯೋ, ನೀವ್ಯಾಕೆ ಬಂದ್ರಿ? ಸಿರಿಲ್ ಅವರನ್ನ ನಿಮ್ಮನೆಗೇ ಕರ್ಕೊಂಡು ಹೋದ್ರಲ್ಲ! ಡೋರೀನ್ ಅಂತೆ, ಜೊತೆಗೊಬ್ಬರು ಗ್ರಹಾಮ್. ನಿಮಗೆ ತೊಂದರೆ ಆಗ್ಬಾರದು ಅಂತ. ನಿಮಗೆ ಹೇಳಲಿಲ್ವಾ?"

ಹೇಳಿರಲಿಲ್ಲ. ನಾರಿಸ್ ಕಾರಿನಡಿ ಮಲಗಿದ್ದ, ಕೆಲಸ ಕೆಡಿಸಬಾರದು ಅಂತ ಅವರು ಮೆಲ್ಲಗೆ ಹೊರಟಿದ್ದರು. ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದೇ ನಮ್ಮ ಜನ ಅರ್ಧ ಆಯುಷ್ಯ ಹಾಳುಮಾಡಿಕೊಳ್ಳುತ್ತಾರೆ. ಅವರು ಹೆದ್ದಾರಿಯಲ್ಲಿ ಹೋಗಿದ್ದರು, ಇವನು ಓಣಿಯಲ್ಲಿ ಬಂದಿದ್ದ.

"ಐದರೊಳಗೆ ಅವರು ವಾಪಸ್ ಬರ್ಲೇಬೇಕು" ಎಂದು ನರ್ಸು ಹಿಂದಿನಿಂದ ಕೂಗಿದಳು.

ನಾರಿಸ್ ಕಾರು ತಿರುಗಿಸಿ ಮತ್ತೆ ಬೆಟ್ಟ ಹತ್ತಿದ. ನೆತ್ತಿ ತಲುಪುತ್ತಲೇ ಇಂಜಿನ್ ಕೆಮ್ಮಿತು; ವಾಪಸ್ ಆರೈಕೆ ಮನೆಗೇ ಹೋಗೋಣವೆಂದು ಕಾರಿನ ಮೂತಿ ತಿರುಗಿಸುವಷ್ಟರಲ್ಲಿ ಮತ್ತೊಮ್ಮೆ ಕೆಮ್ಮಿ ಸುಮ್ಮನಾಯಿತು. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಮುಗಿದಿತ್ತು. ಅವನು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟ. ಅಳು ಬಂತು. ಅತ್ತ ಕೂಡ. ಅಕ್ಕಪಕ್ಕ ಕುರಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಎಷ್ಟು ಹೊತ್ತಾಯಿತೋ, ಡೋರೀನಳ ಪುಟ್ಟ ಹಸಿರು ಕಾರು ಓಣಿಯಲ್ಲಿ ಬಂದು ನಿಂತಿತು. ಮನೆಯಲ್ಲಿ ಅವನನ್ನು ಕಾಣದೆ, ಓಣಿ ಹಿಡಿದಿರಬೇಕೆಂದು ಊಹಿಸಿ, ಸಿರಿಲ್‌ನನ್ನು ವಾಪಸ್ ಕರೆತರುತ್ತಿದ್ದರು. ಮುಂದಿನ ಸೀಟಿನಲ್ಲಿ ಸಿರಿಲ್. ಹಿಂದೆ ಮಡಚಿದ ಗಾಲಿಕುರ್ಚಿಯನ್ನು ತಬ್ಬಿಕೊಂಡ ಗ್ರಹಾಮ್.

"ಎಲ್ಲಿ ಹಾಳಾಗಿ ಹೋಗಿದ್ಯೋ ಮುದುಕಾ?" ಎಂದ ಸಿರಿಲ್. ದನಿ ಇಷ್ಟೇ ಇಷ್ಟು ಉಳಿದಿತ್ತು. "ಕೂರಿಸ್ರೋ ನನ್ನ, ಹೊತ್ತಾಯ್ತು."

ಅವನನ್ನು ಕಂಬಳಿ ಸಮೇತ ಎತ್ತಿ, ದಿಂಬುಗಳ ಮೇಲೆ ಕೂರಿಸಿದರು. ಹಗುರಾಗಿಬಿಟ್ಟಿದ್ದ. ಕಂಬಳಿಯೊಳಗೆ ಅವನು ಅದೇನೋ ಸರಿಮಾಡಿಕೊಳ್ಳುತ್ತಿದ್ದಾಗ ನಾರಿಸ್ ಡೋರೀನಳನ್ನು ಹಿಂದಕ್ಕೆಳೆದ.

"ಟ್ಯಾಂಕಿನ ವಿಷ್ಯ ಹೇಳಿದ್ರಾ?"

"ಛೀ, ನಾನು ಬಾಯಿ ಬಿಡ್ತೀನಾ? ಕಾರು ತೊಳೀತಿದಾನೆ ಅಂದೆ."

"ಪೆಟ್ರೋಲ್ ಇಲ್ಲಮ್ಮಾ. ಒಂದು ತೊಟ್ಟೂ ಇಲ್ಲ."

ಗ್ರಹಾಮ್ ಜೇಬಿನಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡು ಕೆಂಪಾದ. ಡೋರೀನ್ ಇಳಿಜಾರನ್ನು ನೋಡಿದಳು. ಅಂಗಿಯ ತೋಳು ಮಡಚಿದಳು. "ನಾವು ತಳ್ತೀವಿ. ನೀನು ಹೋಗಿ ಕೂತ್ಕೋ."

ಕಾರು ಉರುಳಿತು. ತಳ್ಳಿದವರ ಏದುಸಿರು ಹಿಂದೆ ಉಳಿಯಿತು. ಬೆಟ್ಟ ತಾನೇ ಕೈಹಿಡಿದು ಇಳಿಸಿತು. ಎರಡೂ ಬದಿಯ ಕಲ್ಲುಗೋಡೆಗಳು ಸರಿದುಹೋದವು. ಇಷ್ಟು ವರ್ಷ ಈ ಕಾರಿನಲ್ಲಿ ಇಂಜಿನ್ನಿನ ಅಬ್ಬರಕ್ಕೆ ಒಂದು ಮಾತೂ ಆಡಲಾಗುತ್ತಿರಲಿಲ್ಲ. ಇವತ್ತು ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಈಗ ಹೇಳದಿದ್ದರೆ ಇನ್ನೆಂದು?

"ಸಿರಿಲ್" ಎಂದ ನಾರಿಸ್, ರಸ್ತೆಯಿಂದ ಕಣ್ಣು ತೆಗೆಯದೆ. "ಈನಿಡ್ ಹೋದ ಚಳಿಗಾಲ ನೆನಪಿದೆಯಾ? ನೀನು ಆ ಪೆಟ್ಟಿಗೆಗಳನ್ನ ತಂದು ಬಾಗಿಲಲ್ಲಿ ಇಳಿಸಿದ್ಯಲ್ಲ, ಅವತ್ತು ನಾನು ಬದುಕೋದು ಬೇಡ ಅಂತ ತೀರ್ಮಾನ ಮಾಡ್ಕೊಂಡಿದ್ದೆ ಕಣೋ. ನಿಜವಾಗ್ಲೂ. ನೀನು ಸ್ಪ್ಯಾನರ್ ಕೈಗಿಟ್ಟು, 'ಇದನ್ನ ಹಿಡ್ಕೋ' ಅಂದೆ. ಹಿಡ್ಕೊಂಡೆ. ಆಮೇಲೆ ಬಿಡೋಕೆ ಆಗ್ಲಿಲ್ಲ. ನಿನಗಿಂತ ದೊಡ್ಡ ನಂಟ ನನಗಿಲ್ಲ. ನೀನು ಹೋದ್ಮೇಲೆ ನಾನೇನು ಮಾಡ್ಲಿ, ಹೇಳು?"

ಜೀವಮಾನದಲ್ಲಿ ಅವನು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು. ಓರೆಗಣ್ಣಿನಿಂದ ನೋಡಿದ. ಸಿರಿಲ್‌ನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಮೆಲ್ಲಗೆ ತಲೆದೂಗುತ್ತಿದ್ದ. ನಾರಿಸ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಕಾರು ಆರೈಕೆ ಮನೆಯ ಗೇಟಿನಲ್ಲಿ ಸರಿಯಾಗಿ ನಿಂತಿತು. ನರ್ಸು ಬಾಗಿಲಲ್ಲಿದ್ದ ಇನ್ನೊಂದು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಸಿರಿಲ್ ಕಂಬಳಿಯಿಂದ ಕೈ ಹೊರತೆಗೆದು, ಕಣ್ಣೊರೆಸಿಕೊಂಡು, ಎರಡು ಕಿವಿಯಂತ್ರಗಳನ್ನು ಒಂದೊಂದಾಗಿ ಕಿವಿಗೆ ಸಿಕ್ಕಿಸಿಕೊಂಡ.

"ಈ ಗಾಳಿಗೆ ಕಣ್ಣಲ್ಲಿ ನೀರು ಬಂತು ನೋಡು" ಎಂದ. "ಆದ್ರೂ ಏನು ಇಂಜಿನ್ ಮಾರಾಯಾ, ಬೆಣ್ಣೆ! ಒಂಚೂರೂ ನಡುಕ ಇಲ್ಲ. ಇದರ ಗಲಾಟೆಗೆ ಕಿವಿ ನೋಯುತ್ತೆ ಅಂತ ಹತ್ತಿದ ಕೂಡ್ಲೇ ತೆಗೆದಿಟ್ಕೊಂಡಿದ್ದೆ. ನೀನೇನೋ ದಾರಿಯುದ್ದಕ್ಕೂ ಬಾಯಿ ಆಡಿಸ್ತಿದ್ದೆ. ಏನಂದೆ?"

ನಾರಿಸ್ ಬಾಯಿ ತೆರೆದ. ನರ್ಸು ನಿಂತಿದ್ದಳು. ಹಸಿರು ಕಾರಿನಿಂದ ಡೋರೀನ್ ಮತ್ತು ಗ್ರಹಾಮ್ ಇಳಿದು ಬರುತ್ತಿದ್ದರು. ಇನ್ನೊಮ್ಮೆ ಹೇಳಲು ಅವನಿಂದಾಗಲಿಲ್ಲ.

"ಟ್ಯಾಂಕು ಗಟ್ಟಿಯಾಗಿದೆ ಅಂದೆ."

"ಗಟ್ಟಿ ಇರದೆ ಇನ್ನೇನು?" ಎಂದ ಸಿರಿಲ್. "ಬೆಸುಗೆ ಯಾರದು?"

ನರ್ಸು ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋದಳು. ಗಾಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗ್ರಹಾಮ್ ಬಂದು ಪಕ್ಕದಲ್ಲಿ ನಿಂತ. ಈಗ ಇದನ್ನು ಬೆಟ್ಟ ಹತ್ತಿಸುವುದು ಹೇಗೆ ಎಂದು ಕೇಳಿದ. ನಾರಿಸ್ ಇನ್ನೂ ಬಾಗಿಲನ್ನೇ ನೋಡುತ್ತಿದ್ದ.